ಒಂದು ಲೀಟರ್ ಎಣ್ಣೆಗೆ ಎಷ್ಟು ಕೈ?

(ಕೊಣ್ಣೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಗೆಳೆಯರು ಬರೆದುಕೊಂಡದ್ದನ್ನು ಆದಷ್ಟು ಇದ್ದ ಹಾಗೇ ಬಿಟ್ಟಿದೆ.)



ನಾನು ಬಂದದ್ದು ವಿದ್ಯಾರ್ಥಿವೇತನದ ಅರ್ಜಿ ಬಗ್ಗೆ ಮಾತಾಡಲಿಕ್ಕೆ. ಅದನ್ನು ಕೊನೆಗೆ ಹೇಳುತ್ತೇನೆ. ಯಾಕಂದ್ರೆ ಮಧ್ಯಾಹ್ನ ಊಟ ಆದಮೇಲೆ ಹಿತ್ತಲಿಗೆ ಕೈ ತೊಳೆಯಲು ಹೋದೆ. ಅಲ್ಲೊಂದು ಬಣ್ಣದ ಡಬ್ಬಿ. ಡಬ್ಬಿಯ ಮುಚ್ಚಳಕ್ಕೆ ತೂತು. ತೂತಿಗೆ ತಾಮ್ರದ ಕೊಳವೆ. ಕೊಳವೆಯ ಇನ್ನೊಂದು ತುದಿ ಬಾಟಲಿಯೊಳಗೆ. ಪಕ್ಕದಲ್ಲಿ ಎರಡು ಗೋಣಿಚೀಲದ ತುಂಬ ಪ್ಲಾಸ್ಟಿಕ್ಕು.

"ಏನಪಾ ತಮ್ಮಾ ಇದು?" ಅಂತ ಕೇಳಿದೆ.

"ಪೆಟ್ರೋಲ್ ಮಾಡಾಕ್ರಿ ಸರ. ಮೊಬೈಲ್‌ನಾಗ ನೋಡೇವ್ರಿ. ಐತವಾರ ಒಲಿ ಹಚ್ಚೂದೈತ್ರಿ" ಅಂದ.

ಆ ಹುಡುಗನ ಹೆಸರು ಹೇಳುವುದಿಲ್ಲ. ಬೈಯುವುದೂ ಇಲ್ಲ. ಅವನ ಕಣ್ಣಾಗ ಒಂದು ಬೆಳಕಿತ್ತು. ಕಸದೊಳಗೆ ಎಣ್ಣಿ ಐತಿ ಅಂತ ಅವನಿಗೆ ಗೊತ್ತಾಗಿದೆ. ಅದು ಸುಳ್ಳಲ್ಲ, ಖರೇನೇ ಇದೆ. ಆದರೆ ಆ ಡಬ್ಬಿಗೆ ಐತವಾರ ಬೆಂಕಿ ಬಿದ್ದಿದ್ದರೆ ಸೋಮವಾರ ನಾವು ಎಲ್ಲಿ ಸೇರುತ್ತಿದ್ದೆವೋ ಗೊತ್ತಿಲ್ಲ. ಅದಕ್ಕೇ ಇವತ್ತು ಇದೇ ಮಾತು. ಆ ಹುಡುಗನಿಗೆ ಉತ್ತರ ಕೊಡಬೇಕು. "ಮಾಡಬ್ಯಾಡ" ಅಂತ ಒಂದೇ ಮಾತು ಹೇಳಿ ಕೂತರೆ ಅದು ಉತ್ತರ ಅಲ್ಲ. ನಮ್ಮ ಜನಕ್ಕೆ ಎರಡು ಸಾವಿರ ವರ್ಷ ಬರೀ "ಮಾಡಬ್ಯಾಡ" ಅಂತಲೇ ಹೇಳಿದ್ದಾರೆ. ಯಾಕೆ ಅಂತ ಹೇಳಲಿಲ್ಲ.

ಮೊದಲು, ಪ್ಲಾಸ್ಟಿಕ್ ಅಂದರೆ ಏನು?

ಅದು ನೆಲದೊಳಗಿನ ಎಣ್ಣೆ. ಬೇರೆ ರೂಪದಲ್ಲಿದೆ ಅಷ್ಟೇ. ಕಚ್ಚಾ ಎಣ್ಣೆಯಿಂದ ಪೆಟ್ರೋಲ್, ಡೀಸೆಲ್ ತೆಗೆಯುವ ಕಾರ್ಖಾನೆಯಲ್ಲಿಯೇ ಪ್ಲಾಸ್ಟಿಕ್‌ಗೆ ಬೇಕಾದ ಅನಿಲವೂ ಹುಟ್ಟುತ್ತದೆ. ದೂರ ಹೋಗುವುದು ಬೇಡ. ನಮ್ಮ ಮಂಗಳೂರಿನ ಎಂ.ಆರ್.ಪಿ.ಎಲ್. ಕಾರ್ಖಾನೆಯಲ್ಲಿ 2015ರಿಂದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ತಯಾರಾಗುತ್ತಿದೆ. ಆ ಘಟಕದ ಶಕ್ತಿ ವರ್ಷಕ್ಕೆ 4 ಲಕ್ಷ 40 ಸಾವಿರ ಟನ್. ಗೊಬ್ಬರದ ಚೀಲ, ಸಕ್ಕರೆ ಚೀಲ, ಬಕೆಟ್ಟು, ಕುರ್ಚಿ, ಬಾಟಲಿಯ ಮುಚ್ಚಳ, ಹಗ್ಗ - ಇಂಥವೆಲ್ಲ ಈ ಜಾತಿಯ ಪ್ಲಾಸ್ಟಿಕ್ಕಿನಿಂದ ಆಗುತ್ತವೆ.

ಒಂದು ಸರಪಳಿ ನೆನೆಸಿಕೊಳ್ಳಿರಿ. ಒಂದೊಂದು ಕೊಂಡಿ ಒಂದೊಂದು ಇಂಗಾಲದ ಪರಮಾಣು. ಅಡಿಗೆ ಅನಿಲದಲ್ಲಿ ಮೂರು ನಾಲ್ಕು ಕೊಂಡಿ. ಪೆಟ್ರೋಲಿನಲ್ಲಿ ಸುಮಾರು ಐದರಿಂದ ಹನ್ನೆರಡು. ಡೀಸೆಲ್ಲಿನಲ್ಲಿ ಹತ್ತರಿಂದ ಇಪ್ಪತ್ತರ ಆಸುಪಾಸು. ಅದಕ್ಕೂ ಉದ್ದವಾದರೆ ಮೇಣ. ಇನ್ನೂ ಉದ್ದವಾಗಿ ಸಾವಿರ, ಹತ್ತು ಸಾವಿರ ಕೊಂಡಿ ಆದರೆ ಅದೇ ನಿಮ್ಮ ಹಾಲಿನ ಚೀಲ, ಪಾಲಿಥೀನ್. ಪದಾರ್ಥ ಒಂದೇ, ಉದ್ದ ಬೇರೆ. 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಬೇರೆ ಏನೋ ಮಾಡಲು ಹೋಗಿ ಅಕಸ್ಮಾತ್ ಈ ಪಾಲಿಥೀನ್ ಸಿಕ್ಕಿತು. ಆಗ ಅದನ್ನು ಮಾಡಲು ಭಯಂಕರ ಒತ್ತಡ ಬೇಕಾಗಿತ್ತು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಎಂಬ ವಿಜ್ಞಾನಿ ಒಂದು ವೇಗವರ್ಧಕ ಕಂಡುಹಿಡಿದ. ಆಮೇಲೆ ಕಡಿಮೆ ಒತ್ತಡದಲ್ಲೇ ಸರಪಳಿ ಹೆಣೆಯುವುದು ಸಾಧ್ಯವಾಯಿತು. ಅವನಿಗೂ ಇಟಲಿಯ ನಟ್ಟಾ ಎಂಬವನಿಗೂ 1963ರಲ್ಲಿ ನೊಬೆಲ್ ಬಹುಮಾನ ಬಂತು. ಪ್ಲಾಸ್ಟಿಕ್ ಅಗ್ಗವಾಯಿತು, ಓಣಿ ಓಣಿಗೆ ಬಂತು.

ಸರಪಳಿ ಹೆಣೆಯಲಿಕ್ಕೆ ವೇಗವರ್ಧಕ ಬೇಕಾಯಿತು. ಅದನ್ನು ಬಿಚ್ಚಲಿಕ್ಕೂ ವೇಗವರ್ಧಕ ಬೇಕು. ಇವತ್ತಿನ ಪಾಠ ಇದೇ.

ವೇಗವರ್ಧಕ ಅಂದರೇನು? ಪುಸ್ತಕದಲ್ಲಿ ಓದಿದ್ದೀರಿ: ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ, ತಾನು ಮಾತ್ರ ಖರ್ಚಾಗದ ವಸ್ತು. ಬಾಯಿಪಾಠ ಮಾಡಿದರೆ ಎರಡು ಮಾರ್ಕು ಬರುತ್ತದೆ. ಅರ್ಥ ಆಗಬೇಕಾದರೆ ಹೀಗೆ ನೋಡಿರಿ. ಗುಡ್ಡದ ಈಚೆ ನಮ್ಮ ಊರು, ಆಚೆ ಸಂತೆ. ಗುಡ್ಡದ ನೆತ್ತಿ ಹತ್ತಿ ಇಳಿದರೆ ಸಂತೆಗೆ ಮುಟ್ಟಬಹುದು. ಆದರೆ ಎಷ್ಟು ಜನಕ್ಕೆ ಆ ಕಸುವು ಐತಿ? ಹತ್ತರಲ್ಲಿ ಒಬ್ಬ. ಗುಡ್ಡದ ನಡುವೆ ಒಂದು ಕಣಿವೆ ದಾರಿ ಗೊತ್ತಿದ್ದವನು ತೋರಿಸಿಕೊಟ್ಟರೆ ಮುದುಕಿಯರೂ ದಾಟುತ್ತಾರೆ. ಊರು ಅದೇ, ಸಂತೆ ಅದೇ, ಗುಡ್ಡವೂ ಅದೇ. ದಾರಿ ಮಾತ್ರ ಬೇರೆ. ವೇಗವರ್ಧಕ ಅಂದರೆ ಆ ಕಣಿವೆ ದಾರಿ. ಅದು ಶಕ್ತಿ ಕೊಡುವುದಿಲ್ಲ. ಏರಬೇಕಾದ ಎತ್ತರವನ್ನು ತಗ್ಗಿಸುತ್ತದೆ.

ಪ್ಲಾಸ್ಟಿಕ್ಕಿನ ಉದ್ದ ಸರಪಳಿಯನ್ನು ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಯಲ್ಲಿ ಕಾಸಿದರೆ, ವೇಗವರ್ಧಕ ಇಲ್ಲದೆಯೂ ಅದು ತುಂಡಾಗುತ್ತದೆ. ಆದರೆ 450ರಿಂದ 500 ಡಿಗ್ರಿ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾವು ಬೇಕು. ಸರಪಳಿ ಎಲ್ಲಿ ಬೇಕಾದಲ್ಲಿ ಕಡಿಯುತ್ತದೆ. ಬಹಳಷ್ಟು ಮೇಣ ಬರುತ್ತದೆ, ಕೊಳವೆಯಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ವೇಗವರ್ಧಕ ಇದ್ದರೆ ಕಡಿಮೆ ಕಾವು ಸಾಕು, ಮೇಣ ಕಡಿಮೆ, ಪೆಟ್ರೋಲು ಡೀಸೆಲ್ಲಿನ ಅಳತೆಯ ತುಂಡು ಜಾಸ್ತಿ.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಜಿಯೋಲೈಟ್ ಎಂಬ ಕಲ್ಲಿನ ಜಾತಿಯ ಪದಾರ್ಥ. ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಆದದ್ದು. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬವನು ಅಂಥ ಒಂದು ಕಲ್ಲನ್ನು ಕಾಸಿದಾಗ ಅದರೊಳಗಿನ ನೀರು ಆವಿಯಾಗಿ ಕಲ್ಲೇ ಕುದಿದಂತೆ ಕಂಡಿತು. ಅದಕ್ಕೆ 'ಕುದಿಯುವ ಕಲ್ಲು' ಎಂಬರ್ಥದ ಹೆಸರಿಟ್ಟ. ನಮ್ಮ ನಿಪ್ಪಾಣಿ, ಚಿಕ್ಕೋಡಿ ಕಡೆಯಿಂದ ಪುಣೆಯ ಆಚೆಗೂ ಹಬ್ಬಿದೆಯಲ್ಲ ಕರಿಕಲ್ಲು, ಅದೇ ಜಾತಿಯ ಕಲ್ಲಿನ ಪೊಟರೆಗಳಲ್ಲಿ ಜಿಯೋಲೈಟ್ ಹರಳು ಸಿಗುತ್ತವೆ. ಪುಣೆ, ಜಳಗಾಂವ ಕಡೆಯ ಕಲ್ಲುಗಣಿಗಳ ಹರಳುಗಳು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಕೂತಿವೆ. ಆ ಕಲ್ಲು ಒಡೆದವರು ಯಾರು ಅಂತ ಅಲ್ಲಿ ಬರೆದಿರುವುದಿಲ್ಲ. ಕಾರ್ಖಾನೆಗೆ ಬೇಕಾದ ಜಿಯೋಲೈಟನ್ನು ಈಗ ಬೇಕಾದ ಅಳತೆಗೆ ತಯಾರಿಸಿಕೊಳ್ಳುತ್ತಾರೆ.

ಆ ಕಲ್ಲಿನ ಒಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ನಮ್ಮ ಅವ್ವ ಹಿಟ್ಟು ಸಾಣಿಸುವ ಸಾಣಿಗಿ ಇದ್ದ ಹಾಗೆ. ಎಲ್ಲ ತೂತೂ ಒಂದೇ ಅಳತೆ. ತೂತಿನ ಗೋಡೆಯಲ್ಲಿ ಆಮ್ಲದ ಗುಣ ಇದೆ, ಅದು ಸರಪಳಿಯನ್ನು ಕಡಿಯುತ್ತದೆ. ತೂತಿನ ಅಳತೆಗೆ ಒಗ್ಗುವ ತುಂಡು ಆಚೆ ಬರುತ್ತದೆ. ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ದಪ್ಪ ಎಣ್ಣೆಯನ್ನು ವೇಗವರ್ಧಕದ ಪುಡಿಯಿಂದ ಒಡೆದು ಪೆಟ್ರೋಲ್ ಮಾಡುವ ಘಟಕ ಅಮೆರಿಕದಲ್ಲಿ 1942ರಲ್ಲೇ ಶುರುವಾಯಿತು. ಪ್ಲಾಸ್ಟಿಕ್ ಕಸಕ್ಕೆ ಅದೇ ವಿದ್ಯೆಯನ್ನು ತಂದು ಹಚ್ಚಿದ್ದಾರೆ.

ನಮ್ಮ ದೇಶದಲ್ಲಿ ಎಲ್ಲಿ ಆಗಿದೆ ಅಂತ ಕೇಳುತ್ತೀರಿ. ಹೇಳುತ್ತೇನೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ದೀಕ್ಷೆ ತೆಗೆದುಕೊಂಡ ನಾಗಪುರ ನಿಮಗೆಲ್ಲ ಗೊತ್ತು. ಅದೇ ನಾಗಪುರದಲ್ಲಿ ಅಲ್ಕಾ ಝಾಡಗಾಂವಕರ ಎಂಬ ರಸಾಯನಶಾಸ್ತ್ರದ ಅಧ್ಯಾಪಕಿ 2000ರ ದಶಕದ ಮೊದಲಲ್ಲಿ ಪ್ಲಾಸ್ಟಿಕ್ ಕಸಕ್ಕೆ ವೇಗವರ್ಧಕ ಹಾಕಿ ಇಂಧನ ಮಾಡುವ ವಿಧಾನ ತೋರಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ, ಅಂದರೆ ಸರ್ಕಾರದ ಪ್ರಯೋಗಶಾಲೆ, ಗೇಲ್ ಕಂಪನಿಯ ಜೊತೆಗೂಡಿ 2019ರ ಆಗಸ್ಟಿನಲ್ಲಿ ಒಂದು ಪ್ರಾಯೋಗಿಕ ಘಟಕ ತೆರೆಯಿತು. ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ ಕಸ ಹಾಕಿದರೆ ಸುಮಾರು 800 ಲೀಟರ್ ಡೀಸೆಲ್ ಬರುತ್ತದೆ ಎಂದು ಅವರು ಹೇಳಿದರು.

ಈ 800 ಲೀಟರನ್ನು ನೆನಪಿಡಿರಿ. ಮತ್ತೆ ಬರುತ್ತೇನೆ.

ಈಗ ಈ ಬಕೆಟ್ ನೋಡಿರಿ. ನೀರು ತುಂಬಿದೆ. ಆ ಹುಡುಗನ ಗೋಣಿಚೀಲದಿಂದಲೇ ನಾಲ್ಕು ತುಂಡು ಕತ್ತರಿಸಿ ತಂದಿದ್ದೇನೆ. ಇದು ಹಾಲಿನ ಚೀಲ - ಹಾಕಿದೆ, ತೇಲಿತು. ಇದು ನೀರಿನ ಬಾಟಲಿಯ ಮುಚ್ಚಳ - ತೇಲಿತು. ಇದು ಬಾಟಲಿಯ ಮೈ - ಮುಳುಗಿತು, ನೋಡಿದಿರಾ? ಇದು ನಳದ ಪೈಪಿನ ಚೂರು - ಇದೂ ಮುಳುಗಿತು. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ಬಾಟಲಿಯ ಪಿ.ಇ.ಟಿ., ಪೈಪಿನ ಪಿ.ವಿ.ಸಿ. ನೀರಿಗಿಂತ ಭಾರ, ಮುಳುಗುತ್ತವೆ. ತೇಲಿದ್ದು ಎಣ್ಣೆಗೆ ಒಳ್ಳೆಯದು, ಬರೀ ಇಂಗಾಲ, ಜಲಜನಕ. ಮುಳುಗಿದ್ದು ಎಣ್ಣೆಗೆ ಬೇಡ. ಬಾಟಲಿಯ ಪ್ಲಾಸ್ಟಿಕ್ಕಿನೊಳಗೆ ಆಮ್ಲಜನಕ ಇದೆ. ಅದರಿಂದ ಎಣ್ಣೆ ಕಡಿಮೆ, ಕೊಳವೆ ಕಟ್ಟುವ ಗಟ್ಟಿ ಪದಾರ್ಥ ಬರುತ್ತದೆ. ಅದನ್ನು ಕರಗಿಸಿ ನೂಲು ಮಾಡುವುದೇ ಲಾಭ. ಪೈಪಿನ ಪಿ.ವಿ.ಸಿ. ಅಂತೂ ಖರೇ ಖರೇ ವಿಷ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಕಾಸಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ. ಕಬ್ಬಿಣ ತಿನ್ನುತ್ತದೆ, ವೇಗವರ್ಧಕ ಕೊಲ್ಲುತ್ತದೆ, ನಿಮ್ಮ ಶ್ವಾಸಕೋಶವನ್ನೂ ಸುಡುತ್ತದೆ. ಇನ್ನು ಕುರುಕಲು ತಿಂಡಿಯ ಬೆಳ್ಳಿ ಬಣ್ಣದ ಪಾಕೀಟು - ಅದರಲ್ಲಿ ಪದರದ ಮೇಲೆ ಪದರ. ಮರುಬಳಕೆಗೂ ಕಷ್ಟ.

ಇಷ್ಟನ್ನು ಹುಡುಗನ ಎರಡು ಗೋಣಿಚೀಲದಲ್ಲಿ ಒಂದಕ್ಕೊಂದು ಕೂಡಿಸಿ ತುಂಬಿದ್ದ. ಈಗ ಅವನ ಡಬ್ಬಿಯ ವಿಷಯಕ್ಕೆ ಬರೋಣ.

ಒಂದು: ಒಳಗೆ ಹುಟ್ಟುವುದು ಪೆಟ್ರೋಲಿನ ಆವಿ. ಮುಚ್ಚಳ ಬೆಸೆದಿಲ್ಲ, ಸಂದಿನಿಂದ ಹೊರಗೆ ಬರುತ್ತದೆ. ಕೆಳಗೆ ಉರಿಯುವ ಒಲೆ. ಹೆಚ್ಚು ಹೇಳಬೇಕಾಗಿಲ್ಲ. ಎರಡು: ಮೇಣ ಕೊಳವೆಯಲ್ಲಿ ಕಟ್ಟಿಕೊಂಡರೆ ಡಬ್ಬಿಯೊಳಗೆ ಒತ್ತಡ ಏರಿ ಅದು ಬಾಂಬ್ ಆಗುತ್ತದೆ. ಮೂರು: ಕೊನೆಗೆ ಬಿಸಿಯಿರುವಾಗಲೇ ಮುಚ್ಚಳ ತೆಗೆದರೆ ಒಳಗೆ ಗಾಳಿ ನುಗ್ಗಿ ಭಗ್ ಅನ್ನುತ್ತದೆ. ಕಾರ್ಖಾನೆಯಲ್ಲಿ ಮೊದಲು ನೈಟ್ರೋಜನ್ ಬಿಟ್ಟು ಗಾಳಿ ಹೊರಗೆ ಹಾಕುತ್ತಾರೆ. ಒತ್ತಡ ನೋಡುವ ಗಡಿಯಾರ ಇರುತ್ತದೆ, ಬಿಡುಗಡೆಯ ಕವಾಟ ಇರುತ್ತದೆ. ನಾಲ್ಕು: ಇಷ್ಟೆಲ್ಲ ಆಗಿ ಬಾಟಲಿಯಲ್ಲಿ ಬಿದ್ದದ್ದು ಪೆಟ್ರೋಲ್ ಅಲ್ಲ. ಪೆಟ್ರೋಲು, ಡೀಸೆಲ್ಲು, ಮೇಣ, ಇನ್ನೂ ಏನೇನೋ ಕೂಡಿದ ರಸ. ಬಂಕಿನಲ್ಲಿ ಮಾರುವ ಡೀಸೆಲ್ಲಿಗೆ ಭಾರತೀಯ ಮಾನಕ ಐ.ಎಸ್. 1460 ಅಂತ ಇದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಡೀಸೆಲ್ಲಿನ ಗಂಧಕ ಹತ್ತು ಲಕ್ಷಕ್ಕೆ ಹತ್ತು ಭಾಗ ಮೀರುವಂತಿಲ್ಲ. ಈ ರಸವನ್ನು ಬಟ್ಟಿ ಇಳಿಸಿ, ಶುದ್ಧ ಮಾಡಿ, ಪರೀಕ್ಷೆ ಮಾಡದೆ ಬೈಕಿಗೆ ಹಾಕಿದರೆ ಬೈಕೂ ಹೋಯಿತು.

ಅದಕ್ಕೇ ತಮ್ಮಾ, ಆ ಡಬ್ಬಿ ಬಿಚ್ಚಿಬಿಡು. ಸಿಟ್ಟು ಮಾಡಿಕೊಳ್ಳಬ್ಯಾಡ. ಕೊಳವೆ ಮಾತ್ರ ಇಟ್ಟುಕೋ. ಅದರಲ್ಲಿ ನೀರಿನ ಆವಿಯನ್ನು ತಣಿಸಿ ನೀರು ಮಾಡುವುದನ್ನು ಎಲ್ಲರಿಗೂ ತೋರಿಸು. ತತ್ವ ಅದೇ, ಜೀವ ಉಳಿಯುತ್ತದೆ.

ಈಗ ಇನ್ನೊಂದು ಪ್ರಶ್ನೆ. ನಾಗಪುರದ ಸುದ್ದಿ ಬಂದು ಇಪ್ಪತ್ತು ವರ್ಷ ಮೀರಿತು. ಹಾಗಿದ್ದರೆ ಗೋಕಾಕಿಗೆ ಒಂದು, ಮೂಡಲಗಿಗೆ ಒಂದು, ಹುಕ್ಕೇರಿಗೆ ಒಂದು ಇಂಥ ಕಾರ್ಖಾನೆ ಯಾಕೆ ಆಗಲಿಲ್ಲ? ರಸಾಯನಶಾಸ್ತ್ರ ಗೊತ್ತಿಲ್ಲದೆ ಅಲ್ಲ. ವೇಗವರ್ಧಕ ಸಿಗದೆ ಅಲ್ಲ. ಯಂತ್ರಕ್ಕೆ ಬೇಕಾದದ್ದು ಒಣಗಿದ, ತೊಳೆದ, ಬೇರ್ಪಡಿಸಿದ ಪ್ಲಾಸ್ಟಿಕ್. ನಮ್ಮ ಊರುಗಳ ಕಸದಲ್ಲಿ ಇರುವುದು ಅನ್ನ, ಮಣ್ಣು, ಕೂಸಿನ ಹೇಲು, ಮುರಿದ ಗಾಜು, ಸೂಜಿ, ಅದರ ನಡುವೆ ಪ್ಲಾಸ್ಟಿಕ್. ಅದನ್ನು ಬಿಡಿಸುವುದೇ ದೊಡ್ಡ ಕೆಲಸ. ಸಾಗಿಸುವ ಖರ್ಚು ಬೇರೆ. ಕಚ್ಚಾ ಎಣ್ಣೆಯ ಬೆಲೆ ಇಳಿದರೆ ಈ ಎಣ್ಣೆಗೆ ಗಿರಾಕಿ ಇಲ್ಲ. ಹಾಗಾದರೆ ಲಾಭ ಎಲ್ಲಿಂದ ತೆಗೆಯುತ್ತಾರೆ? ಬೇರ್ಪಡಿಸುವ ಕೈಗೆ ಕೂಲಿ ಕಡಿಮೆ ಕೊಟ್ಟು ತೆಗೆಯುತ್ತಾರೆ. ಇಲ್ಲಿಗೆ ಬಂತು ನೋಡಿರಿ ವಿಜ್ಞಾನ ನಮ್ಮ ಕೇರಿಗೆ.

ಲೆಕ್ಕ ಮಾಡೋಣ. ಬರಕೊಳ್ಳಿರಿ. ಒಂದು ಸಾದಾ ಕೈಚೀಲ 5 ಗ್ರಾಂ ಅಂತ ಹಿಡಿಯಿರಿ. ಒಂದು ಕಿಲೋಗೆ 200 ಚೀಲ. ಒಂದು ಟನ್ನಿಗೆ 2 ಲಕ್ಷ ಚೀಲ. ಒಂದು ಟನ್ನಿಗೆ 800 ಲೀಟರ್. 2 ಲಕ್ಷವನ್ನು 800ರಿಂದ ಭಾಗಿಸಿದರೆ?

(ಸಭೆಯಿಂದ: "ಎರಡುನೂರಾ ಐವತ್ರಿ!")

250. ಒಂದು ಲೀಟರ್ ಎಣ್ಣೆಗೆ 250 ಚೀಲ. ಅಂದರೆ ಯಾರೋ ಒಬ್ಬಳು 250 ಸಲ ಬಗ್ಗಿ, 250 ಸಲ ಎತ್ತಿ, ಜಾಡಿಸಿ, ಚೀಲಕ್ಕೆ ಹಾಕಿದ್ದಾಳೆ. ವಿಜ್ಞಾನಿ ಹೇಳುತ್ತಾನೆ, ಮಂತ್ರಿ ಹೇಳುತ್ತಾನೆ, ಕಂಪನಿ ಹೇಳುತ್ತದೆ: "ಕಸದಿಂದ ರಸ." ಬಗ್ಗಿದ ಬೆನ್ನಿನ ಸುದ್ದಿ ಯಾರೂ ಹೇಳುವುದಿಲ್ಲ.

ಆ ಬೆನ್ನು ನನ್ನ ಅವ್ವಂದು. ನಾನು ಚಿಕ್ಕವನಿದ್ದಾಗ ಅವಳು ಒಂದು ಊರಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಕಸ ಬಳಿಯುತ್ತಿದ್ದಳು. ಕೈಗವಸು ಇರಲಿಲ್ಲ. ಒಂದು ದಿನ ಬಲಗೈಯ ಎರಡು ಬೆರಳು ಗಾಜಿಗೆ ಕೊಯ್ದು, ಕೀವಾಗಿ, ಮಡಿಚದ ಹಾಗೆ ನಿಂತುಬಿಟ್ಟವು. ಗುತ್ತಿಗೆದಾರ ಹಾಜರಿ ಪುಸ್ತಕದಾಗ ಆ ಎಂಟು ದಿನ ಗೈರು ಅಂತ ಬರೆದ. ಅವ್ವ ಇವತ್ತಿಗೂ ರೊಟ್ಟಿ ಬಡಿಯುವಾಗ ಆ ಎರಡು ಬೆರಳು ನೆಟ್ಟಗೆ ನಿಂತಿರುತ್ತವೆ.

ಮುಂದೆ ನಾನು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೆ. ಮೊದಲ ದಿನದ ಪ್ರಯೋಗ ಇದೇ ವೇಗವರ್ಧಕದ್ದು: ಹೈಡ್ರೋಜನ್ ಪೆರಾಕ್ಸೈಡಿಗೆ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಪುಡಿ ಚಿಟಿಕೆ ಹಾಕಿದರೆ ಬುಸ್ ಅಂತ ಆಮ್ಲಜನಕ ಉಕ್ಕುತ್ತದೆ. ನಾನು ಮುಂದೆ ಹೋದೆ. ಅಲ್ಲಿದ್ದ ಒಬ್ಬರು ನನ್ನ ಅಡ್ಡಹೆಸರು ಕೇಳಿದರು. ಕೇಳಿ, ಬಳಸಿದ ಗಾಜಿನ ಪಾತ್ರೆಗಳ ತಟ್ಟೆ ನನ್ನ ಕೈಗೆ ಕೊಟ್ಟು, "ನೀ ಇವನ್ನ ತೊಳಿ, ನಿಮಗ ಚಲೋ ಬರತೈತಿ" ಅಂದರು. ಎಲ್ಲರೂ ನಕ್ಕರು. ನಾನು ತೊಳೆದೆ. ಆ ದಿನ ಬುಸ್ ಅಂದದ್ದು ನನಗೆ ಕೇಳಿಸಿತು, ಕಾಣಲಿಲ್ಲ.

ಮನೆಗೆ ಬಂದು ಅವ್ವಗೆ ಹೇಳಿದೆ, ನಾಳೆಯಿಂದ ಹೋಗೂದಿಲ್ಲ ಅಂದೆ. ಅವಳು ಬೈಯಲಿಲ್ಲ. "ತೊಳಿಯೂದು ನಾ ಮಾಡೇನಿ. ನೀ ಆ ಪುಡಿ ಏನಂತ ತಿಳಕೊಂಡ ಬಾ" ಅಂದಳು. ಅಷ್ಟೇ. ಮರುದಿನ ಹೋದೆ. ಮೂರನೇ ವಾರ ಪುಡಿ ಕೈಗೆ ಸಿಕ್ಕಿತು.

ಇದು ಹೊಸದಲ್ಲ ಗೆಳೆಯರೆ. ಇಲ್ಲೇ ಮಗ್ಗುಲಲ್ಲಿ ಗೋಕಾಕ ಫಾಲ್ಸ್ ಇದೆ. 1887ರ ಹೊತ್ತಿಗೇ ಘಟಪ್ರಭೆಯ ನೀರಿನ ಬಲದಿಂದ ಅಲ್ಲಿ ಹತ್ತಿ ಗಿರಣಿ ಓಡಿತು. ಅಂದರೆ ಈ ನೆಲಕ್ಕೆ ಯಂತ್ರ ಬಂದು ನೂರಾ ಮೂವತ್ತು ವರ್ಷ ದಾಟಿತು. ಯಂತ್ರ ಬಂದರೆ ಜಾತಿ ತಾನಾಗಿ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಹೋಗುವುದಿಲ್ಲ. ಮುಂಬಯಿ ಗಿರಣಿಗಳಲ್ಲಿ ಹೆಚ್ಚು ಪಗಾರದ ನೇಯ್ಗೆ ಖಾತೆಗೆ ನಮ್ಮವರನ್ನು ಬಿಡುತ್ತಿರಲಿಲ್ಲ. ಯಾಕೆ? ಲಾಳಿಗೆ ನೂಲು ಪೋಣಿಸಲು ಬಾಯಿಂದ ಎಳೆಯಬೇಕು, ಎಂಜಲಾಗುತ್ತದೆ, ಮೈಲಿಗೆಯಾಗುತ್ತದೆ! 1928ರ ಗಿರಣಿ ಮುಷ್ಕರದ ಕಾಲಕ್ಕೆ ಬಾಬಾಸಾಹೇಬರು ಕಾರ್ಮಿಕ ಮುಖಂಡರ ಮುಂದೆ ಇಟ್ಟದ್ದು ಇದೇ ಪ್ರಶ್ನೆ. ಹೊಸ ಯಂತ್ರ ಬಂದಾಗ ಅದರ ಯಾವ ಬಾಗಿಲಲ್ಲಿ ಯಾರನ್ನು ನಿಲ್ಲಿಸುತ್ತಾರೆ, ಅದನ್ನು ಕೇಳಬೇಕು. ಪ್ಲಾಸ್ಟಿಕ್ ಎಣ್ಣೆಯ ಕಾರ್ಖಾನೆಗೂ ಎರಡು ಬಾಗಿಲು. ಹಿಂದಿನ ಬಾಗಿಲಲ್ಲಿ ಕಸ ಸುರಿದು ಬಿಡಿಸುವುದು. ಮುಂದಿನ ಬಾಗಿಲಲ್ಲಿ ಪ್ರಯೋಗಶಾಲೆ, ಲೆಕ್ಕಪತ್ರ, ಮಾಲೀಕನ ಕುರ್ಚಿ. ನಮ್ಮನ್ನು ಹಿಂದಿನ ಬಾಗಿಲಿಗೆ ಕರೆಯುತ್ತಾರೆ, ಅದಕ್ಕೆ 'ಉದ್ಯೋಗ ಸೃಷ್ಟಿ' ಅಂತ ಹೆಸರಿಡುತ್ತಾರೆ.

ಈ ಸಂಗತಿ ತಿಳಿದುಕೊಳ್ಳಿರಿ. ವೇಗವರ್ಧಕ ಖರ್ಚಾಗುವುದಿಲ್ಲ ಅಂತ ಪುಸ್ತಕದಲ್ಲಿದೆ. ಕಾರ್ಖಾನೆಯಲ್ಲಿ ಹಾಗಲ್ಲ. ಪ್ಲಾಸ್ಟಿಕ್ ಒಡೆಯುತ್ತಾ ಒಡೆಯುತ್ತಾ ಕಲ್ಲಿನ ತೂತುಗಳಲ್ಲಿ ಮಸಿ ತುಂಬುತ್ತದೆ. ಆಗ ಕೆಲಸ ನಿಲ್ಲಿಸಿ, ಬಿಸಿ ಗಾಳಿ ಬಿಟ್ಟು ಮಸಿ ಸುಟ್ಟು, ಅದನ್ನು ಮತ್ತೆ ಹುಷಾರು ಮಾಡುತ್ತಾರೆ. ಅದಕ್ಕೆ ಹೊತ್ತು ಕೊಡುತ್ತಾರೆ, ಹಣ ಇಡುತ್ತಾರೆ. ಕಲ್ಲಿಗೆ ಇಷ್ಟು ಉಪಚಾರ. ಅವ್ವನ ಬೆರಳಿಗೆ ಎಂಟು ದಿನದ ಗೈರುಹಾಜರಿ.

ಹಾಗಾದರೆ ಯಂತ್ರ ಬೇಡವೆ? ಬೇಕು. ನಾನು ಯಂತ್ರದ ವಿರೋಧಿಯಲ್ಲ. 1970ರ ದಶಕದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಆಗಲೂ ಕೆಲವರು "ಹಾಗಾದ್ರ ಊರು ಹೆಂಗ ನಡೀತೈತಿ?" ಅಂದಿದ್ದರು. ಊರು ನಡೆಯಿತು. ಮನುಷ್ಯನ ಕೈ ಮಾಡಬಾರದ ಕೆಲಸವನ್ನು ಯಂತ್ರ ಮಾಡಲಿ. ಆದರೆ ಯಂತ್ರದ ಹೊಟ್ಟೆ ತುಂಬಿಸಲು ಮತ್ತೆ ಬರಿಗೈ ಬೇಕು ಅಂದರೆ ಒಪ್ಪಬಾರದು.

ಕಾನೂನು ಏನು ಹೇಳುತ್ತದೆ? 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲಿ, ಮತ್ತೆ ಮರುಬಳಕೆ ಮಾಡಲು ಬಾರದ ಪ್ಲಾಸ್ಟಿಕ್ಕನ್ನು ರಸ್ತೆಗೆ, ಶಕ್ತಿಗೆ, ಎಣ್ಣೆಗೆ ಬಳಸುವುದನ್ನು ಸ್ಥಳೀಯ ಸಂಸ್ಥೆಗಳು ಪ್ರೋತ್ಸಾಹಿಸಬೇಕು ಅಂತ ಬರೆದಿದೆ. ಗಮನಿಸಿರಿ - 'ಮರುಬಳಕೆ ಮಾಡಲು ಬಾರದ'. ಅಂದರೆ ಎಣ್ಣೆ ಕೊನೆಯ ದಾರಿ, ಮೊದಲನೆಯದಲ್ಲ. ಮೊದಲು ಬಳಸುವುದನ್ನು ಕಡಿಮೆ ಮಾಡು. ಆಮೇಲೆ ಕರಗಿಸಿ ಮತ್ತೆ ವಸ್ತು ಮಾಡು. ಆಮೇಲೆ ಉಳಿದದ್ದಕ್ಕೆ ಎಣ್ಣೆ. ಯಾಕಂದರೆ ಆ ಎಣ್ಣೆ ಸುಟ್ಟರೂ ಹೊಗೆ ಹೊಗೆಯೇ. ನೆಲದೊಳಗಿನ ಇಂಗಾಲ ಕೊನೆಗೆ ಆಕಾಶಕ್ಕೇ ಹೋಗುತ್ತದೆ. ಅದೇ ವರ್ಷ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನೇ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಸಾಮಾನು ದೇಶದಲ್ಲೆಲ್ಲ ನಿಷೇಧವಾದವು. ನಿಷೇಧ ಕಾಗದದಲ್ಲಿ ಇದೆ, ಚೀಲ ಸಂತೆಯಲ್ಲಿ ಇದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿ ಇಳಿದ ಮೇಲೆ ದಂಡೆಯ ಜಾಲಿಗಿಡಗಳ ಟೊಂಗೆ ಟೊಂಗೆಗೂ ಪ್ಲಾಸ್ಟಿಕ್ ಜೋತಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ನದಿ ಪುರಾವೆ ಕೊಟ್ಟಿತು.

2016ರ ಘನತ್ಯಾಜ್ಯ ನಿಯಮದಲ್ಲಿ ಇನ್ನೂ ಎರಡು ಮಾತು ಬರೆದರು. ಕಸ ಮುಟ್ಟುವ ಕೆಲಸಗಾರರಿಗೆ ಸಮವಸ್ತ್ರ, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮುಖಗವಸು ಕೊಡಬೇಕು. ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು. ಇದು ಯಾರೂ ದಯೆಯಿಂದ ಕೊಟ್ಟದ್ದಲ್ಲ. ಪುಣೆಯಲ್ಲಿ 1993ರಲ್ಲಿ ಚಿಂದಿ ಆಯುವವರು 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ' ಎಂಬ ಸಂಘಟನೆ ಕಟ್ಟಿಕೊಂಡರು. ಮುಂದೆ 'ಸ್ವಚ್ಛ' ಎಂಬ ತಮ್ಮದೇ ಸಹಕಾರ ಸಂಘ ಮಾಡಿ ಮನೆಮನೆಯ ಕಸ ಸಂಗ್ರಹದ ಕೆಲಸವನ್ನು ಪಾಲಿಕೆಯಿಂದ ಪಡೆದರು. ಬೆಂಗಳೂರಿನಲ್ಲಿ 2011ರಿಂದ ಚಿಂದಿ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ಕೊಡತೊಡಗಿತು. 'ಹಸಿರು ದಳ' ಎಂಬ ಸಂಘಟನೆಯ ಜೊತೆಗೂಡಿ ಅವರಲ್ಲಿ ಹಲವರು ವಾರ್ಡಿನ ಒಣಕಸ ಕೇಂದ್ರಗಳನ್ನು ತಾವೇ ನಡೆಸಿದರು. ನಿನ್ನೆ ಕಳ್ಳರೆಂದು ಪೊಲೀಸರಿಂದ ಹೊಡೆತ ತಿಂದವರು ತೂಕದ ಯಂತ್ರದ ಮುಂದೆ ಕೂತು ಲೆಕ್ಕ ಬರೆದರು. ನನಗೆ ಎಣ್ಣೆಗಿಂತ ದೊಡ್ಡ ಪವಾಡ ಇದು.

ಈಗ ನೀವು ಮಾಡಬೇಕಾದದ್ದು. ನಾಲ್ಕೇ ಮಾತು.

1. ಹಾಸ್ಟೆಲ್ಲಿನಿಂದಲೇ ಶುರು ಮಾಡಿರಿ. ಹಸಿ, ಒಣ, ಗಾಜು-ಬ್ಲೇಡು - ಮೂರು ಬೇರೆ ಬೇರೆ. ಗಾಜನ್ನು ಕಾಗದದಲ್ಲಿ ಸುತ್ತಿ ಮೇಲೆ ಬರೆದು ಕೊಡಿರಿ. ನೀವು ಬೇರ್ಪಡಿಸದೆ ಎಸೆದದ್ದನ್ನು ಬಿಡಿಸುವವಳು ನಿಮ್ಮಲ್ಲೇ ಒಬ್ಬನ ಅವ್ವ. ಪ್ಲಾಸ್ಟಿಕ್ ಸುಡಬ್ಯಾಡ್ರಿ, ಚಳಿಗೂ ಸುಡಬ್ಯಾಡ್ರಿ.

2. ಒಂದು ತಿಂಗಳು ಹಾಸ್ಟೆಲ್ಲಿನ ಪ್ಲಾಸ್ಟಿಕ್ ತೂಗಿ ಬರೆಯಿರಿ. ತೇಲುವುದೆಷ್ಟು, ಮುಳುಗುವುದೆಷ್ಟು, ಬೆಳ್ಳಿ ಪಾಕೀಟು ಎಷ್ಟು. ನಾಳೆ ಯಾರೋ ಬಂದು "ನಿಮ್ಮ ಊರಿಗೆ ಎಣ್ಣೆ ಕಾರ್ಖಾನೆ" ಅಂದಾಗ, ಎಷ್ಟು ಟನ್ನಿಗೆ ಎಷ್ಟು ಲೀಟ್ರು ಅಂತ ಕೇಳುವ ಶಕ್ತಿ ಆ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ದಲ್ಲಾಳಿಯ ಮಾತು ಕೇಳಿ ಅಪ್ಪನ ಎಮ್ಮೆ ಮಾರಿ ಯಂತ್ರಕ್ಕೆ ಹಣ ಹಾಕಬ್ಯಾಡ್ರಿ.

3. ಊರ ಪುರಸಭೆಗೆ ಹೋಗಿ ಕೇಳಿರಿ: ಕೆಲಸಗಾರರಿಗೆ ಕೈಗವಸು ಯಾವ ತಾರೀಖಿಗೆ ಕೊಟ್ಟಿರಿ? ಗಾಯವಾದರೆ ರಜೆಯ ಪಗಾರ ಉಂಟೋ ಇಲ್ಲೋ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಬಡತನ ರೇಖೆಯ ಕೆಳಗಿನ ಕುಟುಂಬದವರಿಗೆ ಅದೂ ಇಲ್ಲ. ಹೇಗೆ ಬರೆಯಬೇಕೆಂದು ನಾನು ಹೇಳಿಕೊಡುತ್ತೇನೆ. ಇಂಥ ಕಾರ್ಖಾನೆ ಬಂದರೆ ಬೇರ್ಪಡಿಸಿದ ಪ್ಲಾಸ್ಟಿಕ್ಕಿನ ಒಡೆತನ, ಬೆಲೆಯಲ್ಲಿ ಪಾಲು ಕೆಲಸಗಾರರ ಸಂಘಕ್ಕೆ ಸಿಗಬೇಕು ಅಂತ ಈಗಿನಿಂದಲೇ ಪಟ್ಟು ಹಿಡಿಯಬೇಕು.

4. ರಸಾಯನಶಾಸ್ತ್ರ ಓದಿರಿ. ಹತ್ತನೇ ಇಯತ್ತೆ ಆದ ಕೂಡಲೇ "ನಮ್ಮಂಥವರಿಗೆ ಸೈನ್ಸ್ ಆಗೂದಿಲ್ಲ" ಅಂತ ಓಡಬ್ಯಾಡ್ರಿ. ಆ ಮಾತು ನಿಮ್ಮದಲ್ಲ, ನಿಮ್ಮ ಬಾಯಿಗೆ ಬೇರೆಯವರು ಇಟ್ಟದ್ದು. ಯಾವ ಪ್ಲಾಸ್ಟಿಕ್ ಯಾವುದು ಅಂತ ಮುಟ್ಟಿ, ಹಿಂಡಿ, ಸಪ್ಪಳ ಕೇಳಿ ಹೇಳುವ ವಿದ್ಯೆ ನಮ್ಮ ಅವ್ವಂದಿರ ಕೈಯಲ್ಲಿ ಆಗಲೇ ಇದೆ. ಪ್ರಯೋಗಶಾಲೆಯಲ್ಲಿ ಅದಕ್ಕೆ ದೊಡ್ಡ ಹೆಸರಿದೆ, ದೊಡ್ಡ ಪಗಾರವಿದೆ. ಕೈಯೊಳಗಿನ ಆ ವಿದ್ಯೆಗೆ ಪುಸ್ತಕದ ವಿದ್ಯೆ ಸೇರಿಸುವವರು ನೀವು.

ಕೊನೆಗೆ ಆ ಹುಡುಗನಿಗೆ ಒಂದು ಮಾತು. ತಮ್ಮಾ, ನೀನು ಕಸದೊಳಗೆ ಎಣ್ಣೆ ಕಂಡೆ. ಅದು ಸಣ್ಣ ಮಾತಲ್ಲ. ಈಗ ಎಣ್ಣೆಯೊಳಗೆ ಅವ್ವನ ಕೈ ಕಾಣು. ಎರಡನ್ನೂ ಕಂಡವನು ಮುಂದೆ ಇಂಥ ಕಾರ್ಖಾನೆ ಕಟ್ಟಲಿ. ಆ ದಿನ ನಾನು ಬದುಕಿದ್ದರೆ ಬರುತ್ತೇನೆ. ಮುಂದಿನ ಬಾಗಿಲಿಂದ ಬರುತ್ತೇನೆ, ಅವ್ವನ್ನ ಕರಕೊಂಡು.

ಇನ್ನು ವಿದ್ಯಾರ್ಥಿವೇತನದ ಅರ್ಜಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಯಾರ್ಯಾರ ಹತ್ರ ಇಲ್ಲ, ಕೈ ಎತ್ತಿರಿ.

ಜೈ ಭೀಮ್.